ಕಲ್ಲಿನೊಳಗಿನ ನೀರಿನ ಲೆಕ್ಕ: ಗಣಕ ಮಾದರಿಗಳನ್ನು ರೈತರು ಹೇಗೆ ಓದಬೇಕು?

ಕೇಂದ್ರ ಅಂತರ್ಜಲ ಮಂಡಳಿಯು 2012ರಿಂದ ಕೈಗೊಂಡಿರುವ ಜಲಧರಗಳ ನಕ್ಷೆ ಕಾರ್ಯ ಹಾಗೂ 2019ರ ಡಿಸೆಂಬರ್‌ನಲ್ಲಿ ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳಿಗಾಗಿ ಚಾಲನೆಗೊಂಡ ಅಟಲ್ ಭೂಜಲ ಯೋಜನೆಯ ಫಲವಾಗಿ, ಜಲ ಆಯವ್ಯಯ ಮತ್ತು ಗಣಕ ಮಾದರಿಗಳ ಮಾತು ಗ್ರಾಮ ಪಂಚಾಯಿತಿಗಳವರೆಗೂ ತಲುಪಿದೆ. ಇದರೊಡನೆ ಒಂದು ತಪ್ಪು ನಿರೀಕ್ಷೆಯೂ ಬೆಳೆಯುವ ಸಂಭವವಿದೆ: ಕೊಳವೆಬಾವಿ ಕೊರೆಯಬೇಕಾದ ಜಾಗವನ್ನು ಗಣಕಯಂತ್ರವೇ ತೋರಿಸಿಕೊಡುತ್ತದೆ ಎಂಬುದು. ಮಾದರಿಯ ನಿಜವಾದ ಪ್ರಯೋಜನ ಬೇರೆಯೇ ಇದೆ.

ದಕ್ಷಿಣ ಒಳನಾಡಿನ ಬಹುಭಾಗ ನೈಸ್ ಮತ್ತು ಗ್ರಾನೈಟ್ ಶಿಲೆಗಳ ಮೇಲಿದೆ. ಮರಳಿನಲ್ಲಿರುವಂತೆ ಈ ಶಿಲೆಗಳಲ್ಲಿ ನೀರು ನಿಲ್ಲುವ ರಂಧ್ರಗಳಿಲ್ಲ. ಮೇಲಿನ ಶಿಥಿಲ ಪದರವು ನೀರನ್ನು ಹಿಡಿದಿಡುತ್ತದೆ. ಅದರ ಕೆಳಗಿನ ಬಿರುಕುಗಳು ಸಾಗಿಸುತ್ತವೆ. ಆಳ ಹೆಚ್ಚಿದಂತೆ ಬಿರುಕುಗಳು ವಿರಳವಾಗುತ್ತವೆ. ಅಕ್ಕಪಕ್ಕದ ಎರಡು ಬಾವಿಗಳಲ್ಲಿ ಒಂದರಲ್ಲಿ ನೀರು ಸಿಕ್ಕಿ ಇನ್ನೊಂದು ವಿಫಲವಾಗುವುದು ಇದರಿಂದಲೇ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು 1980ರ ದಶಕದಲ್ಲಿ ರೂಪಿಸಿದ ಮಾಡ್‌ಫ್ಲೋದಂತಹ ತಂತ್ರಾಂಶಗಳು ಪ್ರದೇಶವನ್ನು ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕಕ್ಕೂ ಒಂದು ಸರಾಸರಿ ಗುಣವನ್ನು ನೀಡುತ್ತವೆ. ಬಿಡಿ ಬಿರುಕುಗಳು ಆ ಸರಾಸರಿಯಲ್ಲಿ ಮರೆಯಾಗುತ್ತವೆ. ಆದ್ದರಿಂದ ಇಡೀ ಜಲಾನಯನಕ್ಕೆ ಉಪಯುಕ್ತವಾದ ಮಾದರಿಯು ಒಂದು ಸರ್ವೆ ನಂಬರಿನ ಮಟ್ಟದಲ್ಲಿ ಖಚಿತ ಉತ್ತರ ನೀಡಲಾರದು.

ಮಾದರಿಯ ಬಲವಿರುವುದು ಜಮಾಖರ್ಚಿನಲ್ಲಿ. ಗಟ್ಟಿಶಿಲೆಯ ಪದರವು ತನ್ನ ಗಾತ್ರದ ಸುಮಾರು ಶೇ 1.5ರಷ್ಟು ನೀರನ್ನು ಮಾತ್ರ ಬಿಟ್ಟುಕೊಡುತ್ತದೆ ಎಂದು ಭಾವಿಸೋಣ. ಆಗ ಒಂದು ಎಕರೆಯಡಿ ಜಲಮಟ್ಟ ಒಂದು ಮೀಟರ್ ಕುಸಿದರೆ ದೊರೆಯುವುದು ಸುಮಾರು 60,000 ಲೀಟರ್. ಅದೇ ಎಕರೆಗೆ ಒಮ್ಮೆ 5 ಸೆಂ.ಮೀ. ನೀರು ಹಾಯಿಸಲು ಸುಮಾರು 2 ಲಕ್ಷ ಲೀಟರ್ ಬೇಕು. ಪಕ್ಕದಿಂದ ಹರಿದು ಬರುವ ಹಾಗೂ ಮರಳಿ ಇಂಗುವ ನೀರನ್ನು ಬಿಟ್ಟು ಲೆಕ್ಕ ಹಾಕಿದರೆ, ಒಂದೇ ನೀರಾವರಿಗೆ ಮಟ್ಟವು ಮೂರು ಮೀಟರಿಗೂ ಹೆಚ್ಚು ಇಳಿಯುತ್ತದೆ. ಶೇ 1.5ರ ಬದಲು ಶೇ 3 ಎಂದು ಊಹಿಸಿದರೆ ಕುಸಿತವು ಅರ್ಧವಾಗಿ ಕಾಣುತ್ತದೆ. ಒಂದು ಅಂಕಿಯ ತಪ್ಪಿನಿಂದ ಇಡೀ ಹಳ್ಳಿಯ ಬೆಳೆ ಯೋಜನೆಯೇ ದಾರಿ ತಪ್ಪಬಹುದು.

ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿ ಜಲಾನಯನದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸಿನ ಸಂಶೋಧಕರು ಅಂತರ್ಜಲ ಮಾದರಿಯೊಂದಿಗೆ ಬೆಳೆ ಮಾದರಿ ಹಾಗೂ ರೈತರ ನಿರ್ಧಾರಗಳನ್ನೂ ಜೋಡಿಸಿದ್ದಾರೆ. ಬಾವಿ ಬತ್ತುವುದಕ್ಕೆ ಮಳೆಯಷ್ಟೇ ಬೆಳೆಯ ಆಯ್ಕೆಯೂ ಕಾರಣವಾಗುವುದರಿಂದ, ಇಂತಹ ಜೋಡಣೆಯೇ ಮುಂದಿನ ದಾರಿ.

ರೈತ ಬಾಂಧವರು ಗಮನಿಸಬೇಕಾದ ಅಂಶಗಳಿವು. ಪಂಚಾಯಿತಿಯಲ್ಲಿ ಜಲ ಆಯವ್ಯಯ ಮಂಡನೆಯಾದಾಗ ಅದು ಯಾವ ವರ್ಷದ ಮಾಹಿತಿ, ಎಷ್ಟು ವೀಕ್ಷಣಾ ಬಾವಿಗಳನ್ನು ಆಧರಿಸಿದೆ ಎಂದು ವಿಚಾರಿಸಬೇಕು. ತಮ್ಮ ಕೊಳವೆಬಾವಿಯ ಆಳ, ನೀರು ಸಿಕ್ಕ ಆಳ, ಪಂಪು ನಡೆಯುವ ಗಂಟೆಗಳು ಹಾಗೂ ಮುಂಗಾರಿನ ಮೊದಲು ಮತ್ತು ನಂತರದ ಜಲಮಟ್ಟವನ್ನು ದಾಖಲಿಸಿ ನೀಡಬೇಕು. ವಿಫಲ ಬಾವಿಯ ವಿವರವೂ ಅಷ್ಟೇ ಮುಖ್ಯ. ಜಾಗದ ಆಯ್ಕೆಗೆ ಭೂವಿಜ್ಞಾನಿಗಳ ಸ್ಥಳ ಪರಿಶೀಲನೆಯನ್ನೇ ಅವಲಂಬಿಸಬೇಕು. ಅದು ಸಹ ಸಂಭಾವ್ಯತೆಯನ್ನು ಹೆಚ್ಚಿಸುತ್ತದೆಯೇ ಹೊರತು ಖಾತರಿ ನೀಡುವುದಿಲ್ಲ. ಆಯವ್ಯಯವು ಕೊರತೆ ತೋರಿಸಿದ ವರ್ಷ ಸಾಲ ಮಾಡಿ ಇನ್ನೊಂದು ಬಾವಿ ಕೊರೆಸುವುದಕ್ಕಿಂತ, ಬೇಸಿಗೆ ಬೆಳೆಯ ವಿಸ್ತೀರ್ಣವನ್ನು ಕಡಿಮೆ ಮಾಡುವುದು ಸೂಕ್ತ.