ಶಾಲಾ ಶಿಕ್ಷಕನ ಪ್ರಮೇಯ

ಗಣಿತದಲ್ಲಿ ಹೊಸದನ್ನು ಕಂಡುಹಿಡಿಯುವುದು ವಿಶ್ವವಿದ್ಯಾಲಯದ ಪ್ರಾಧ್ಯಾಪಕರ ಕಾರ್ಯ; ಅವರು ಕಂಡುಹಿಡಿದುದನ್ನು ಮಕ್ಕಳಿಗೆ ಒಪ್ಪಿಸುವುದಷ್ಟೇ ಶಾಲಾ ಶಿಕ್ಷಕರ ಕಾರ್ಯ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಇದಕ್ಕೆ ಬೀಜಗಣಿತದ ಇತಿಹಾಸದಲ್ಲಿಯೇ ಪ್ರಬಲವಾದ ಸಾಕ್ಷ್ಯವಿದೆ.

ಉನ್ನತ ಬೀಜಗಣಿತದಲ್ಲಿ 'ಗ್ರೂಪ್' ಎಂಬುದು ಮೂಲಭೂತವಾದ ಕಲ್ಪನೆ. ಸಮಬಾಹು ತ್ರಿಭುಜವೊಂದನ್ನು ತಿರುಗಿಸಿ ಅಥವಾ ಮಗುಚಿ, ಮೊದಲಿದ್ದ ಸ್ಥಳದಲ್ಲಿಯೇ ಸರಿಯಾಗಿ ಕೂಡುವಂತೆ ಇಡುವ ಕ್ರಮಗಳು, ಇದ್ದಂತೆಯೇ ಬಿಡುವುದೂ ಸೇರಿ, ಒಟ್ಟು ಆರು. ಒಂದರ ನಂತರ ಇನ್ನೊಂದನ್ನು ಮಾಡಿದರೆ ದೊರೆಯುವುದೂ ಈ ಆರರಲ್ಲೊಂದೇ; ಮಾಡಿದ್ದನ್ನು ಹಿಂತಿರುಗಿಸುವ ಕ್ರಮವೂ ಇವುಗಳಲ್ಲಿಯೇ ಉಂಟು. ಇಂಥ ಸ್ವಯಂಪೂರ್ಣ ವ್ಯವಸ್ಥೆಯೇ ಗ್ರೂಪ್. ಇದರಲ್ಲಿ ಮಗುಚದೆ ದೊರೆಯುವ ಮೂರು ಕ್ರಮಗಳು ತಾವೇ ಒಂದು ಗ್ರೂಪ್ ಆಗುತ್ತವೆ, ಅದು ಉಪಗ್ರೂಪ್.

ಉಪಗ್ರೂಪಿನ ಸದಸ್ಯಸಂಖ್ಯೆಯು ಪೂರ್ಣ ಗ್ರೂಪಿನ ಸದಸ್ಯಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುತ್ತದೆಂಬುದು ಲಗ್ರಾಂಜನ ಹೆಸರಿನ ಪ್ರಮೇಯ. ಆದರೆ ಇದರ ವಿಲೋಮ ಸತ್ಯವಲ್ಲ. ನಾಲ್ಕು ಸಮಬಾಹು ತ್ರಿಭುಜಗಳಿಂದಾದ ಘನಾಕೃತಿಯನ್ನು ತಿರುಗಿಸಿ ಸ್ವಸ್ಥಾನದಲ್ಲಿ ಕೂಡಿಸುವ ಕ್ರಮಗಳು 12. 6 ಎಂಬುದು 12ನ್ನು ಭಾಗಿಸಿದರೂ, ಆ ಗ್ರೂಪಿನಲ್ಲಿ 6 ಸದಸ್ಯರ ಉಪಗ್ರೂಪ್ ಇಲ್ಲವೇ ಇಲ್ಲ. ಹಾಗಾದರೆ ಯಾವ ಉಪಗ್ರೂಪುಗಳು ಇದ್ದೇ ತೀರಬೇಕು?

ಇದಕ್ಕೆ ಪೂರ್ಣವಾದ ಉತ್ತರಗಳಲ್ಲೊಂದನ್ನು 1872ರಲ್ಲಿ ಪ್ರಕಟಿಸಿದವನು ನಾರ್ವೆ ದೇಶದ ಲುಡ್ವಿಗ್ ಸೈಲೋ. ಸದಸ್ಯಸಂಖ್ಯೆಯನ್ನು ಭಾಗಿಸುವ ಪ್ರತಿಯೊಂದು ಅವಿಭಾಜ್ಯ ಸಂಖ್ಯೆಯ ಅತ್ಯುಚ್ಚ ಘಾತಕ್ಕೆ ಸಮನಾದ ಉಪಗ್ರೂಪ್ ಇದ್ದೇ ಇರುತ್ತದೆ. ಅಂಥವು ಎಷ್ಟಿವೆಯೋ ಆ ಸಂಖ್ಯೆಯು ಪೂರ್ಣದ ಸದಸ್ಯಸಂಖ್ಯೆಯನ್ನು ಭಾಗಿಸಬೇಕು. ಅದನ್ನು ಆ ಅವಿಭಾಜ್ಯದಿಂದ ಭಾಗಿಸಿದಾಗ ಶೇಷ 1 ಉಳಿಯಬೇಕು.

ಇದರ ಶಕ್ತಿಯನ್ನು 15 ಸದಸ್ಯರ ಗ್ರೂಪಿನಲ್ಲಿ ನೋಡಬಹುದು. 15ರ ಭಾಜಕಗಳು 1, 3, 5, 15. ಇವುಗಳಲ್ಲಿ 3ರಿಂದ ಭಾಗಿಸಿದಾಗ ಶೇಷ 1 ಉಳಿಯುವುದು 1ಕ್ಕೆ ಮಾತ್ರ. 5ರಿಂದ ಭಾಗಿಸಿದಾಗಲೂ ಅಷ್ಟೆ. ಆದುದರಿಂದ 3 ಸದಸ್ಯರ ಉಪಗ್ರೂಪ್ ಒಂದೇ, 5 ಸದಸ್ಯರದೂ ಒಂದೇ. ಎರಡಕ್ಕೂ ಸಾಮಾನ್ಯವಾದ ಸದಸ್ಯ ಒಂದಿರುವುದರಿಂದ ಇವೆರಡರಲ್ಲಿ ಸೇರಿದವರು ಏಳು ಮಾತ್ರ. ಉಳಿದ ಎಂಟರಲ್ಲಿ ಯಾವುದೊಂದನ್ನು ಪುನಃ ಪುನಃ ಪ್ರಯೋಗಿಸಿದರೂ ಹದಿನೈದೂ ದೊರೆಯುತ್ತವೆ. ಹೀಗೆ 15 ಸದಸ್ಯರ ಗ್ರೂಪಿಗೆ ರಚನೆ ಒಂದೇ ಬಗೆಯದು. ತ್ರಿಭುಜದ ಗ್ರೂಪಿನಲ್ಲಾದರೋ 2 ಸದಸ್ಯರ ಉಪಗ್ರೂಪುಗಳು ಮೂರು. ಅಲ್ಲಿ ಕ್ರಿಯೆಗಳ ಕ್ರಮ ಬದಲಾದರೆ ಫಲವೂ ಬದಲಾಗುತ್ತದೆ. ಭಾಗಗಳ ಲಕ್ಷಣವೇ ಪೂರ್ಣದ ಸ್ವರೂಪವನ್ನು ಹೇಳುತ್ತದೆ.

ಈ ಸೈಲೋ ಯಾರು? 1858ರಿಂದ 1898ರ ವರೆಗೆ ನಲವತ್ತು ವರ್ಷ ಫ್ರೆಡರಿಕ್ಸ್‌ಹಾಲ್ಡ್ ಎಂಬ ಊರಿನಲ್ಲಿ ಶಾಲಾ ಶಿಕ್ಷಕನಾಗಿದ್ದವನು. 1862ರಲ್ಲಿ ಕ್ರಿಸ್ಟಿಯಾನಿಯಾ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ ನೀಡುವ ಅವಕಾಶ ದೊರೆತಾಗ, ಮುಂದೆ ಜಗದ್ವಿಖ್ಯಾತನಾದ ಸೋಫುಸ್ ಲೀ ಆತನ ಶ್ರೋತೃಗಳಲ್ಲಿದ್ದನು. ಪ್ರಾಧ್ಯಾಪಕ ಪದವಿ ಬಂದುದು 1898ರಲ್ಲಿ, ಅರವತ್ತೈದು ದಾಟಿದ ಮೇಲೆ.

ಶಿಕ್ಷಕರೆಲ್ಲರೂ ಸೈಲೋ ಆಗಬಲ್ಲರೇ ಎಂದು ಕೇಳಬಹುದು. ಆಗಲಾರರು, ಆಗಬೇಕಾಗಿಯೂ ಇಲ್ಲ. ಆದರೆ ತಾನು ಓದುತ್ತಿರುವ ಶಿಕ್ಷಕನು ಪ್ರಮೇಯವನ್ನು ಬಾಯಿಪಾಠ ಮಾಡಿಸಿ ಮುಗಿಸುವುದಿಲ್ಲ. ಅದರ ವಿಲೋಮ ನಿಲ್ಲುವುದೇ ಎಂದು ಮಕ್ಕಳನ್ನು ಕೇಳುತ್ತಾನೆ. ನಿಲ್ಲದಿದ್ದರೆ ಏಕೆಂದು ಅವರಿಂದಲೇ ಹುಡುಕಿಸುತ್ತಾನೆ. ಗಣಿತದ ಶಿಕ್ಷಣ ಆರಂಭವಾಗುವುದು ಅಲ್ಲಿಂದ.

ದಾನಿಗಳು ಶಾಲೆಗಳಿಗೆ ಕೊಠಡಿಗಳನ್ನು ಕಟ್ಟಿಸಿಕೊಡುವುದು ಸ್ತುತ್ಯವಾದ ಕಾರ್ಯ. ಅದರೊಡನೆ ಶಿಕ್ಷಕರ ಅಧ್ಯಯನಕ್ಕೆ ಗ್ರಂಥಗಳನ್ನೂ, ಆಡಳಿತದವರು ವಾರಕ್ಕೆ ಕೆಲವು ಗಂಟೆಗಳ ಬಿಡುವನ್ನೂ ಒದಗಿಸಬೇಕು. ಹಳೆಯ ವಿದ್ಯಾರ್ಥಿಗಳು ತಮ್ಮ ವೃತ್ತಿಯಲ್ಲಿ ಕಂಡ ಹೊಸ ವಿಷಯಗಳನ್ನು ಬಂದು ತಿಳಿಸಬೇಕು. ಶಿಕ್ಷಕನ ಓದು ನಿಂತ ಶಾಲೆಯಲ್ಲಿ ವಿದ್ಯಾರ್ಥಿಯ ಪ್ರಶ್ನೆಯೂ ನಿಲ್ಲುತ್ತದೆ.