ನೀರಿನಲ್ಲಿ ಮೀನಿನ ಹೆಜ್ಜೆ

ನೀರಿನಲ್ಲಿ ಮೀನಿನ ಹೆಜ್ಜೆಯನ್ನು ಹುಡುಕುವುದೆಂದರೆ ಆಗದ ಕೆಲಸಕ್ಕೆ ಕೈಹಾಕುವುದು ಎಂದೇ ನಮ್ಮ ಜನರ ಎಣಿಕೆ. ಆದರೆ ಆ ಕೆಲಸವನ್ನೇ ಹೊಟ್ಟೆಪಾಡಾಗಿ ಮಾಡಿಕೊಂಡವರೂ ಈ ಲೋಕದಲ್ಲಿ ಉಂಟು. ಅವರು ಬೆಸ್ತರಲ್ಲ, ಬಲೆ ಬೀಸುವುದಿಲ್ಲ, ಮೀನು ಮಾರುವುದಿಲ್ಲ. ಹಗಲೆಲ್ಲ ಬಿಸಿಲಿನಲ್ಲಿ ನಿಂತು ಇನ್ನೊಬ್ಬರಿಗೆ ಮೀನನ್ನು ತೋರಿಸಿಕೊಡುವುದಷ್ಟೇ ಅವರ ಕಾಯಕ. ಗಾಳವನ್ನೆಸೆಯುವ ಸಂತೋಷ ಇನ್ನೊಬ್ಬನದು; ಗಾಳಕ್ಕೆ ಸಿಕ್ಕ ಮೀನು ಕೊನೆಗೆ ಸೇರುವುದು ಮರಳಿ ಕಡಲನ್ನೇ. ತೋರಿಸಿದವನಿಗೆ ಉಳಿಯುವುದು ಆ ದಿನದ ಕೂಲಿ ಮತ್ತು ಕಣ್ಣಿನ ಆಯಾಸ.

ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ಮೂಲೆಯಲ್ಲಿ ಫ್ಲಾರಿಡಾ ಎಂಬ ರಾಜ್ಯವು ಕಡಲಿನೊಳಕ್ಕೆ ಚಾಚಿಕೊಂಡಿದೆ. ಅದರ ತುದಿಯಿಂದ ನೈಋತ್ಯದ ಕಡೆಗೆ ಬಾಗಿದ ಸಣ್ಣ ಸಣ್ಣ ದ್ವೀಪಗಳ ಸಾಲಿಗೆ ಫ್ಲಾರಿಡಾ ಕೀಸ್ ಎಂದು ಹೆಸರು. ಸಾಲಿನ ಒಂದು ಪಕ್ಕದಲ್ಲಿ ಅಟ್ಲಾಂಟಿಕ್ ಮಹಾಸಾಗರ, ಇನ್ನೊಂದು ಪಕ್ಕದಲ್ಲಿ ಫ್ಲಾರಿಡಾ ಕೊಲ್ಲಿ. ಈ ದ್ವೀಪಗಳ ಸುತ್ತ ಮೈಲಿಗಟ್ಟಲೆ ಹರಡಿರುವ ನೀರು ಎಷ್ಟೋ ಕಡೆ ಮೊಣಕಾಲಿಗಿಂತ ಆಳವಿಲ್ಲ. ತಳದಲ್ಲಿ ಮರಳು, ಮೆತ್ತನೆಯ ಕೆಸರು, ಕಡಲಹುಲ್ಲು. ಅಂಚಿನಲ್ಲಿ ಬೇರುಗಳನ್ನು ನೀರಿಗಿಳಿಬಿಟ್ಟ ಕಾಂಡ್ಲಾ ಗಿಡಗಳು. ಉಬ್ಬರದ ನೀರು ಏರಿದಾಗ ಆಳದ ಕಡಲಿನಿಂದ ದೊಡ್ಡ ಮೀನುಗಳು ಏಡಿ ಸಿಗಡಿಗಳನ್ನು ಅರಸಿ ಈ ನೀರಿನ ಬಯಲಿಗೆ ಮೇಯಲು ಬರುತ್ತವೆ. ಅವುಗಳನ್ನು ಅರಸಿ ದೂರದೂರದ ಊರುಗಳಿಂದ ಹವ್ಯಾಸಿ ಗಾಳಗಾರರು ಬರುತ್ತಾರೆ. ಇವರಿಬ್ಬರ ನಡುವೆ ನಿಲ್ಲುವವನೇ ಗೈಡ್, ಎಂದರೆ ದಾರಿ ತೋರುವವನು. ಈ ದ್ವೀಪಸಾಲಿನ ಊರಾದ ಇಸ್ಲಮೊರಾಡದಲ್ಲಿ ಈ ವೃತ್ತಿಯು ತಲೆಮಾರುಗಳಿಂದ ನಡೆದುಬಂದಿದೆ.

ದೋಣಿ ಚಿಕ್ಕದು, ಅಂಗೈಯಂತೆ ಚಪ್ಪಟೆಯಾದುದು. ಮೀನು ಮೇಯುವ ಜಾಗಕ್ಕೆ ಇನ್ನೂ ಬಹುದೂರವಿರುವಾಗಲೇ ಗೈಡನು ಯಂತ್ರವನ್ನು ನಿಲ್ಲಿಸಿಬಿಡುತ್ತಾನೆ. ಅಷ್ಟು ಅಲ್ಪಜಲದಲ್ಲಿ ಯಂತ್ರದ ಸದ್ದಿಗೆ ಮೀನು ನಿಲ್ಲುವುದಿಲ್ಲ. ಆಮೇಲೆ ದೋಣಿಯ ಹಿಂಭಾಗದಲ್ಲಿ, ಯಂತ್ರದ ಮೇಲ್ಗಡೆ ಕಟ್ಟಿರುವ ಅಟ್ಟಣೆಯನ್ನೇರಿ, ಹದಿನೆಂಟು ಇಪ್ಪತ್ತು ಅಡಿ ಉದ್ದದ ಜಲ್ಲೆಯನ್ನು ತಳಕ್ಕೆ ಊರಿ ಊರಿ ದೋಣಿಯನ್ನು ಸದ್ದಿಲ್ಲದೆ ಮುಂದಕ್ಕೆ ನೂಕುತ್ತಾನೆ. ಗಾಳಗಾರನು ಮುಂಭಾಗದಲ್ಲಿ ಕೋಲು ಹಿಡಿದು ನಿಂತಿರುತ್ತಾನೆ. ಭಾರತಯುದ್ಧದ ರಥದಲ್ಲಿ ಸಾರಥಿಯು ಮುಂದೆ, ಬಿಲ್ಲುಗಾರನು ಹಿಂದೆ. ಇಲ್ಲಿ ಆ ಕ್ರಮವು ತಿರುಗುಮುರುಗಾಗಿದೆ. ಆದರೆ ಆಯುಧ ಹಿಡಿಯದವನ ಮಾತಿನಂತೆ ಆಯುಧ ಹಿಡಿದವನು ನಡೆಯಬೇಕೆಂಬ ನಿಯಮವು ಮಾತ್ರ ಬದಲಾಗಿಲ್ಲ.

ಈ ಮಾತಿಗೆ ಒಂದು ಕಟ್ಟು ಉಂಟು. ದೋಣಿಯನ್ನು ಗಡಿಯಾರದ ಮುಖವೆಂದು ಭಾವಿಸಬೇಕು. ಅದರ ಮೂತಿ ಹನ್ನೆರಡು ಗಂಟೆಯ ಕಡೆಗಿರುತ್ತದೆ. “ಹತ್ತು ಗಂಟೆಗೆ, ಐವತ್ತು ಅಡಿ, ಬಲಕ್ಕೆ ಬರುತ್ತಿದೆ” ಎಂದು ಗೈಡನು ಮೆಲುದನಿಯಲ್ಲಿ ಹೇಳಿದರೆ, ಗಾಳಗಾರನು ಆ ಕಡೆಗೆ ಕೋಲನ್ನು ತಿರುಗಿಸುತ್ತಾನೆ. ಬಹುಪಾಲು ಸಲ ಅವನಿಗೆ ಏನೂ ಕಾಣಿಸುವುದಿಲ್ಲ. ಕಾಣದ ಮೀನಿನ ಕಡೆಗೆ, ಕಂಡವನ ಮಾತನ್ನು ನಂಬಿ ಅವನು ಗಾಳವನ್ನೆಸೆಯಬೇಕು.

ಹಾಗಾದರೆ ಗೈಡನಿಗೆ ಕಾಣುವುದಾದರೂ ಏನು? ಬೋನ್‌ಫಿಶ್ ಎಂಬ ಮೀನನ್ನೇ ನೋಡೋಣ. ಮೂರು ನಾಲ್ಕು ಕಿಲೋ ತೂಗುವ ಆ ಮೀನಿನ ಬೆಳ್ಳಿಯಂಥ ಮೈಯಲ್ಲಿ ತಳದ ಬಣ್ಣವೆಲ್ಲ ಕನ್ನಡಿಯಲ್ಲಿ ಕಂಡಂತೆ ಪ್ರತಿಫಲಿಸುತ್ತದೆ. ಮೀನು ಕಾಣದೆ ಮರಳಿನ ಮೇಲೆ ಅದರ ನೆರಳು ಮಾತ್ರ ಕಾಣುವುದುಂಟು. ಕೆಲವು ಸಲ ಗಾಳಿಯಿಲ್ಲದಿದ್ದರೂ ನೀರಿನ ಒಂದು ತುಣುಕು ಮಾತ್ರ ನಡುಗುತ್ತದೆ. ಅದರಡಿಯಲ್ಲಿ ಮೀನಿನ ಹಿಂಡು ಸಾಗಿರುತ್ತದೆ. ಮೀನು ಮೂತಿಯಿಂದ ಕೆಸರನ್ನು ಕೆದಕಿದಾಗ ನೀರು ಕದಡಿ ಮೋಡ ಕಟ್ಟುತ್ತದೆ. ತಲೆ ಕೆಳಗಾಗಿ ಮೇಯುವಾಗ ಬಾಲದ ತುದಿ ನೀರಿನಿಂದ ಮೇಲಕ್ಕೆದ್ದು ಬಿಸಿಲಿಗೆ ಮಿನುಗುತ್ತದೆ. ನೀರಿನ ಮೇಲ್ಮೈಯ ಹೊಳಪನ್ನು ತಡೆಯುವ ಪೋಲರಾಯ್ಡ್ ಕನ್ನಡಕವು ಇದಕ್ಕೆಲ್ಲ ನೆರವಾಗುವುದು ನಿಜ. ಆದರೆ ಕನ್ನಡಕವನ್ನು ಅಂಗಡಿಯಲ್ಲಿ ಕೊಳ್ಳಬಹುದು, ನೋಟವನ್ನು ಕೊಳ್ಳಲಾಗದು. ಎಂದೇ ಗೈಡನ ನೋಟಕ್ಕೆ ದಿನಗೂಲಿ.

ಈ ಬಯಲಿನ ಗಜರಾಜನೆಂದರೆ ಟಾರ್ಪನ್. ದೊಡ್ಡ ದೊಡ್ಡ ಬಿಲ್ಲೆಗಳಂಥ ಹುರುಪೆಗಳಿಂದ ಹೊಳೆಯುವ ಇದು ಮನುಷ್ಯನಷ್ಟು ಉದ್ದ ಬೆಳೆಯುತ್ತದೆ. ಐವತ್ತು ವರ್ಷ ಮೀರಿ ಬದುಕಬಲ್ಲದು. ಇದರ ಚಿಕ್ಕ ದಾಯಾದಿಯೊಂದು ನಮ್ಮ ಹಿಂದೂ ಮಹಾಸಾಗರದಲ್ಲಿಯೂ ಉಂಟು. ಟಾರ್ಪನ್ ಕಿವಿರಿನಿಂದಷ್ಟೇ ಅಲ್ಲದೆ, ಆಗಾಗ ಮೇಲಕ್ಕೆ ಬಂದು ಗಾಳಿಯನ್ನು ಗುಟುಕರಿಸಿಯೂ ಉಸಿರಾಡುತ್ತದೆ. ಹಾಗೆ ಬಂದು ಮಗುಚಿ ಮುಳುಗುವ ಆ ಒಂದು ಕ್ಷಣದಲ್ಲಿಯೇ ಅದು ಹೋಗುತ್ತಿರುವ ದಿಕ್ಕನ್ನು ಗೈಡನು ಓದಿಬಿಡಬೇಕು.

ಇಂಥ ಮೀನಿನೆದುರು ಗಾಳಗಾರನ ಸಲಕರಣೆಯು ಬೇಕೆಂದೇ ನಾಜೂಕಾದುದು. ಆಟದ ನೇಮವೇ ಹಾಗೆ. ೧೯೩೯ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪಿತವಾದ ಇಂಟರ್‌ನ್ಯಾಷನಲ್ ಗೇಮ್ ಫಿಶ್ ಅಸೋಸಿಯೇಷನ್ ಎಂಬ ಸಂಸ್ಥೆಯು ಇಂಥ ಗಾಳಗಾರಿಕೆಯ ದಾಖಲೆಗಳನ್ನಿಡುತ್ತದೆ. ಅದರ ನಿಯಮದಂತೆ ಫ್ಲೈ ಗಾಳದ ದಾರದಲ್ಲಿ ಹೆಚ್ಚೆಂದರೆ ಹತ್ತು ಕಿಲೋ ಎಳೆತಕ್ಕೆ ಹರಿಯುವ ಒಂದು ಎಳೆ ಇರಲೇಬೇಕು. ಫ್ಲೈ ಎಂದರೆ ನೊಣ. ಕೊಕ್ಕೆಗೆ ಗರಿ ಕೂದಲುಗಳನ್ನು ಸುತ್ತಿ ಹುಳುವಿನ ರೂಪದಲ್ಲಿ ಕಟ್ಟಿ, ಹೊಳೆಯ ಮೀನುಗಳನ್ನು ಮರುಳುಗೊಳಿಸುತ್ತಿದ್ದ ಕಾಲದ ಹೆಸರದು. ಕಡಲಿಗೆ ಬಂದ ಮೇಲೆ ಆ ಹುಸಿ ನೊಣವು ಸಿಗಡಿಯ, ಏಡಿಯ, ಮರಿಮೀನಿನ ವೇಷ ತೊಟ್ಟಿತು. ೧೯೯೧ರಲ್ಲಿ ಅಮೆರಿಕದ ಅಂಚೆ ಇಲಾಖೆಯು ಇಂಥ ಐದು ಫ್ಲೈಗಳ ಚಿತ್ರವಿರುವ ಅಂಚೆಚೀಟಿಗಳನ್ನು ಹೊರತಂದಿತು. ಅವುಗಳಲ್ಲೊಂದು, ಕೀಸ್‌ನಲ್ಲಿ ಗೈಡಾಗಿದ್ದ ವಿಮಾನ ಚಾಲಕ ಸ್ಟೂ ಆಪ್ಟೆ ಟಾರ್ಪನ್‌ಗಾಗಿ ರೂಪಿಸಿದ್ದು.

೨೦೦೧ರಲ್ಲಿ ಫ್ಲಾರಿಡಾದ ಪಶ್ಚಿಮ ಕರಾವಳಿಯಲ್ಲಿ ಹತ್ತು ಕಿಲೋ ತಾಳುವ ಇಂಥ ಎಳೆಯಿಂದ ಸುಮಾರು ತೊಂಬತ್ತೆರಡು ಕಿಲೋ ತೂಕದ ಟಾರ್ಪನ್ ಹಿಡಿದು ದಾಖಲೆ ಸ್ಥಾಪಿಸಿದರು. ಒಂಬತ್ತು ಪಾಲು ಭಾರದ ಮೀನನ್ನು ಒಂದು ಪಾಲು ಬಲದ ದಾರವು ಹೇಗೆ ತಡೆಯಿತು? ಕೋಲು ಬಾಗಬೇಕು, ರಾಟೆ ದಾರವನ್ನು ಅಳತೆಯಾಗಿ ಬಿಟ್ಟುಕೊಡಬೇಕು, ದೋಣಿಯು ಮೀನಿನ ಬೆನ್ನು ಹತ್ತಬೇಕು. ಟಾರ್ಪನ್ ನೀರಿನಿಂದ ಪುಟನೆಗೆದು ತಲೆ ಕೊಡವಿತೆಂದರೆ ಬಿಗಿಯಾದ ದಾರ ಹರಿಯುತ್ತದೆ. ಆಗ ಹಿಂದಿನಿಂದ ಗೈಡನು “ಬಾಗಿ!” ಎಂದು ಕೂಗುತ್ತಾನೆ. ಗಾಳಗಾರನು ಮೀನಿಗೆ ನಮಸ್ಕರಿಸುವವನಂತೆ ಮುಂದಕ್ಕೆ ಬಾಗಿ ಕೋಲನ್ನು ಚಾಚಬೇಕು. ದಾರ ಸಡಿಲಗೊಂಡು ಉಳಿಯುತ್ತದೆ. ಬಾಗದವನು ಮೀನನ್ನು ಕಳೆದುಕೊಳ್ಳುತ್ತಾನೆ.

ಈ ವೃತ್ತಿಯು ಬೆಳೆದ ಬಗೆಯೂ ಕುತೂಹಲಕರವಾಗಿದೆ. ೧೯೩೫ನೆಯ ಸೆಪ್ಟೆಂಬರ್ ೨ರಂದು ಭೀಕರ ಚಂಡಮಾರುತವೊಂದು ಇಸ್ಲಮೊರಾಡದ ಪ್ರದೇಶವನ್ನು ಬಡಿದು, ದ್ವೀಪದಿಂದ ದ್ವೀಪಕ್ಕೆ ಹಾಯುತ್ತಿದ್ದ ರೈಲುಮಾರ್ಗವನ್ನು ಕಿತ್ತೆಸೆಯಿತು. ನೂರಾರು ಜನ ಮಡಿದರು. ೧೯೩೮ರಲ್ಲಿ ಅದೇ ಹಾದಿಯಲ್ಲಿ ಮೋಟಾರು ರಸ್ತೆಯು ತೆರೆಯಿತು. ರಸ್ತೆಯೊಡನೆ ಗಾಳಗಾರರು ಬಂದರು. ನೀರನ್ನು ಬಲ್ಲವರ ನೋಟಕ್ಕೆ ಬೆಲೆ ಬಂದಿತು. ಆ ಮೊದಲ ತಲೆಮಾರಿನ ಗೈಡುಗಳಲ್ಲಿ ಬಿಲ್ ಸ್ಮಿತ್, ಜಿಮ್ಮಿ ಆಲ್‌ಬ್ರೈಟ್ ಇವರ ಹೆಸರು ಪ್ರಸಿದ್ಧವಾಗಿದೆ. ಗೃಹಿಣಿಯರಿಗೆ ಸಂತೋಷ ತರುವ ಸಂಗತಿಯೊಂದುಂಟು: ಸ್ಮಿತ್‌ನ ಪತ್ನಿ ಬಾನಿ, ಆಲ್‌ಬ್ರೈಟ್‌ನ ಪತ್ನಿ ಫ್ರ್ಯಾಂಕಿ, ಇವರ ಸೋದರಿ ಬ್ಯೂಲಾ ಕ್ಯಾಸ್, ಈ ಮೂವರು ಅಕ್ಕತಂಗಿಯರೂ ಗೈಡುಗಳಾಗಿದ್ದರು. ೧೯೪೭ರಲ್ಲಿ ಆಲ್‌ಬ್ರೈಟ್‌ನ ದೋಣಿಯಲ್ಲಿ ನಿಂತು ಜೋ ಬ್ರೂಕ್ಸ್ ಎಂಬ ಬರಹಗಾರನು ಫ್ಲೈ ಗಾಳದಿಂದ ಬೋನ್‌ಫಿಶ್ ಹಿಡಿದು, ಆ ಕಥೆಯನ್ನು ಬರೆದು ನಾಡಿಗೆಲ್ಲ ತಿಳಿಸಿದನು. ಕೀರ್ತಿಯು ಬರೆದವನಿಗೆ ಸಂದಿತು. ತೋರಿಸಿದವನ ಹೆಸರು ಉಳಿದದ್ದು ಒಂದು ಗಂಟಿನಲ್ಲಿ: ದಪ್ಪ ದಾರಕ್ಕೆ ಸಣ್ಣ ದಾರವನ್ನು ಸೇರಿಸುವ ಗಂಟನ್ನು ಇಂದಿಗೂ ಲೋಕದ ಗಾಳಗಾರರು ಆಲ್‌ಬ್ರೈಟ್ ಗಂಟು ಎಂದೇ ಕರೆಯುತ್ತಾರೆ.

ಇಷ್ಟೆಲ್ಲ ಓದಿದ ಮೇಲೆ ಸಹೃದಯರಾದ ಯಾರಿಗಾದರೂ ಒಂದು ಪ್ರಶ್ನೆ ಏಳದೆ ಇರದು. ತಿನ್ನದ ಮೀನನ್ನು ಹಿಡಿಯುವುದೇಕೆ? ಹಸಿದವನು ಹಿಡಿದರೆ ಅದಕ್ಕೊಂದು ನ್ಯಾಯವುಂಟು. ಆಟಕ್ಕಾಗಿ ಜೀವವೊಂದನ್ನು ದಣಿಸುವುದಕ್ಕೆ ಯಾವ ನ್ಯಾಯ? ಬಿಟ್ಟುಬಿಡುತ್ತೇವೆಂದ ಮಾತ್ರಕ್ಕೆ ತಪ್ಪು ಕಳೆಯಿತೆನ್ನಲಾಗದು. ದಣಿದ ಬೋನ್‌ಫಿಶ್‌ನ್ನು ಬಿಟ್ಟ ಕೆಲವೇ ನಿಮಿಷಗಳಲ್ಲಿ ಶಾರ್ಕ್ ಬಂದು ಕಬಳಿಸುವುದುಂಟು. ನೀರಿನಿಂದ ಮೇಲೆತ್ತಿ ಹೆಚ್ಚು ಹೊತ್ತು ಹಿಡಿದಷ್ಟೂ ಮೀನು ಸಮತೋಲ ತಪ್ಪಿ ಆ ಅಪಾಯ ಹೆಚ್ಚುತ್ತದೆ. ಈ ಸತ್ಯವನ್ನು ಒಳ್ಳೆಯ ಗೈಡನು ಎಲ್ಲರಿಗಿಂತ ಚೆನ್ನಾಗಿ ಬಲ್ಲನು. ಶಾರ್ಕ್ ಸುಳಿದಾಡುತ್ತಿದ್ದರೆ ಅವನು ಹೋರಾಟವನ್ನು ನಿಲ್ಲಿಸಿ ದಾರ ಕಡಿಯೆನ್ನುತ್ತಾನೆ. ಹಣ ಕೊಟ್ಟವನು ಛಾಯಾಚಿತ್ರಕ್ಕಾಗಿ ಮೀನನ್ನು ಎದೆಗವಚಿಕೊಳ್ಳಲು ಬಯಸಿದರೆ, ನೀರಿನಲ್ಲಿಯೇ ಇರಲಿ ಎಂದು ತಡೆಯುತ್ತಾನೆ. ತನಗೆ ಕೂಲಿ ಕೊಡುವವನಿಗೆ ‘ಬೇಡ’ ಎನ್ನುವುದು ಸುಲಭವಲ್ಲ. ಈ ವೃತ್ತಿಯಲ್ಲಿ ಜಲ್ಲೆ ಊರುವುದಕ್ಕಿಂತ ಕಷ್ಟದ ಕೆಲಸ ಅದೇ. ೨೦೧೩ರಲ್ಲಿ ಫ್ಲಾರಿಡಾ ರಾಜ್ಯವು ಬೋನ್‌ಫಿಶ್, ಟಾರ್ಪನ್ ಎರಡನ್ನೂ ಹಿಡಿದೊಡನೆ ಬಿಡಲೇಬೇಕೆಂದು ವಿಧಿಸಿತು. ದಾಖಲೆಗಾಗಿ ಪರವಾನಗಿ ಚೀಟಿ ಪಡೆದು ಟಾರ್ಪನ್ ಹಿಡಿಯುವವರಿಗೆ ಮಾತ್ರ ವಿನಾಯಿತಿ. ದೊಡ್ಡ ಟಾರ್ಪನ್‌ಗಳನ್ನು ನೀರಿನಿಂದ ಮೇಲೆತ್ತುವಂತೆಯೂ ಇಲ್ಲ. ಪ್ರಶ್ನೆಗೆ ಇದರಿಂದ ಪೂರ್ಣ ಉತ್ತರ ದೊರೆಯಲಿಲ್ಲ. ಆದರೆ ಆಟವು ತನ್ನ ಎಲ್ಲೆಯನ್ನು ಒಪ್ಪಿಕೊಂಡಿತು.

ಮೀನನ್ನು ಬಿಟ್ಟರೂ ಅದು ಬಾಳಲು ನೀರು ಬೇಕಲ್ಲವೆ? ಸಂಕಟವಿರುವುದು ಅಲ್ಲಿ. ಪೂರ್ವದಲ್ಲಿ ಒಕೀಚೊಬೀ ಎಂಬ ದೊಡ್ಡ ಸರೋವರದ ಸಿಹಿನೀರು ಎವರ್‌ಗ್ಲೇಡ್ಸ್ ಎಂಬ ಜೌಗು ಹುಲ್ಲುಗಾವಲಿನ ಮೇಲೆ ಮೆಲ್ಲನೆ ಹರಡಿ ಹರಿದು ತೆಂಕಣ ಕೊಲ್ಲಿಯನ್ನು ಸೇರುತ್ತಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಕೃಷಿಗಾಗಿ, ಊರುಗಳಿಗಾಗಿ ಕಾಲುವೆ ತೋಡಿ ಒಡ್ಡು ಕಟ್ಟಿ ಆ ನೀರನ್ನು ಪೂರ್ವ ಪಶ್ಚಿಮಗಳಿಗೆ ತಿರುಗಿಸಿದರು. ೧೯೨೮ರಲ್ಲಿ ಮುಗಿದ ಹೆದ್ದಾರಿಯೊಂದು ಅಡ್ಡಗಟ್ಟೆಯಂತೆ ಮಲಗಿತು. ಮಳೆ ಕಡಿಮೆಯಾದ ವರ್ಷ ಕೊಲ್ಲಿಯ ನೀರು ಕಾದು, ಉಪ್ಪು ಮಿತಿಮೀರಿ, ಕಡಲಹುಲ್ಲು ಸಾಯತೊಡಗಿತು. ೧೯೮೭ರಲ್ಲಿ ಒಮ್ಮೆ, ೨೦೧೫ರಲ್ಲಿ ಮತ್ತೊಮ್ಮೆ ಸಾವಿರಾರು ಎಕರೆ ಹುಲ್ಲು ನಾಶವಾಯಿತು. ಹುಲ್ಲಿಲ್ಲದೆ ಸಿಗಡಿಯಿಲ್ಲ, ಸಿಗಡಿಯಿಲ್ಲದೆ ಮೀನಿಲ್ಲ. ೨೦೧೦ರ ಜನವರಿಯ ಅಪೂರ್ವ ಚಳಿಗೂ ಅಸಂಖ್ಯಾತ ಮೀನುಗಳು ಬಲಿಯಾದವು.

ಹಳೆಯ ನೀರನ್ನು ಹಳೆಯ ದಾರಿಗೆ ತರುವ ಬೃಹದ್ಯೋಜನೆಗೆ ಅಮೆರಿಕದ ಶಾಸನಸಭೆಯು ೨೦೦೦ದಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ಕೆಲಸವು ಆಮೆಯ ನಡೆಯಲ್ಲಿ ಸಾಗಿತು. ಆಗ ಫ್ಲಾರಿಡಾದ ಗೈಡುಗಳಲ್ಲಿ ಕೆಲವರು ಜಲ್ಲೆಯನ್ನು ಬದಿಗಿಟ್ಟು ಸಭೆಗಳಿಗೆ ಹೋದರು. ೨೦೧೬ರಲ್ಲಿ ಗೈಡುಗಳೇ ಕಟ್ಟಿದ ‘ಕ್ಯಾಪ್ಟನ್ಸ್ ಫಾರ್ ಕ್ಲೀನ್ ವಾಟರ್’ ಎಂಬ ಸಂಘವು ಅಧಿಕಾರಿಗಳ ಮುಂದೆ, ಶಾಸಕರ ಮುಂದೆ ನೀರಿನ ಸ್ಥಿತಿಯನ್ನು ತೆರೆದಿಟ್ಟಿತು. ಅವರು ಪಂಡಿತರಲ್ಲ. ಆದರೆ ವರ್ಷದ ಬಹುಪಾಲು ದಿನಗಳನ್ನು ಆ ನೀರಿನ ಮೇಲೆಯೇ ಕಳೆದು, ಹುಲ್ಲಿನ ಬಣ್ಣ ಮಾಸಿದ್ದನ್ನೂ ಮೀನಿನ ಹಿಂಡು ಕಿರಿದಾದದ್ದನ್ನೂ ಎಲ್ಲರಿಗಿಂತ ಮೊದಲು ಕಂಡವರು ಅವರೇ. ಗಾಳಗಾರನಿಗೆ ಮೀನನ್ನು ತೋರಿಸುತ್ತಿದ್ದ ಬೆರಳು ಈಗ ರಾಜ್ಯಕ್ಕೆ ನೀರನ್ನು ತೋರಿಸಿತು. ಎರಡೂ ಕಡೆ ತೊಡಕು ಒಂದೇ: ತೋರಿಸಿದರೂ ಎದುರಿಗಿದ್ದವನಿಗೆ ಕೂಡಲೆ ಕಾಣುವುದಿಲ್ಲ. ಕಾಣುವವರೆಗೆ ತಾಳ್ಮೆಯಿಂದ ಹೇಳುತ್ತಲೇ ಇರಬೇಕು.

ಸಂಜೆ ದೋಣಿಯು ದಡಕ್ಕೆ ಮರಳುತ್ತದೆ. ಗಾಳಗಾರನು ದಿನದ ಸಾಹಸವನ್ನು ಬಣ್ಣಿಸುತ್ತ ಹೋಟೆಲಿನ ಕಡೆಗೆ ನಡೆಯುತ್ತಾನೆ. ಗೈಡನು ಜಲ್ಲೆಯನ್ನು ತೊಳೆದು, ದೋಣಿಯ ಉಪ್ಪನ್ನು ಒರೆಸಿ, ನಾಳಿನ ಉಬ್ಬರದ ವೇಳೆಯನ್ನು ನೋಡಿಕೊಳ್ಳುತ್ತಾನೆ. ದೋಣಿಯಲ್ಲಿ ಒಂದು ಮೀನೂ ಇಲ್ಲ. ಅವು ನೀರಿನಲ್ಲಿ ಇದ್ದರೆ ಮಾತ್ರ ನಾಳೆ ಅವನಿಗೆ ಕೆಲಸ.