ಯಾವ ಬೆಂಗಳೂರಿಗೆ ಮೊದಲ ಸ್ಥಾನ?

2021ರ ಮಾರ್ಚ್‌ನಲ್ಲಿ ಹೊರಬಿದ್ದ ಕೇಂದ್ರದ ಸುಗಮ ಜೀವನ ಸೂಚ್ಯಂಕ, ಜನಸಂಖ್ಯೆ ಹತ್ತು ಲಕ್ಷ ಮೀರಿದ ನಗರಗಳಲ್ಲಿ ಬೆಂಗಳೂರೇ ಮೊದಲು ಎಂದಿತು. ಯಾವ ಬೆಂಗಳೂರು? ಅಂಕಗಳಲ್ಲಿ ಶೇ 30 ಜನರ ಅನಿಸಿಕೆಯದು, ಸರಿ. ಆದರೆ ಜಯನಗರದ ಉತ್ತರವನ್ನೂ ನೀರಿನ ಟ್ಯಾಂಕರ್ ನಂಬಿದ ಮಹದೇವಪುರದ ಉತ್ತರವನ್ನೂ ಕಲಸಿ ಒಂದೇ ಸರಾಸರಿಯೇ? 1994ರಲ್ಲೇ ಅರ್ಥಶಾಸ್ತ್ರಜ್ಞ ಸ್ಯಾಮ್ಯುಯೆಲ್ ಪಾಲ್ ಅವರ ತಂಡ ಬೆಂಗಳೂರಿನ ಸೇವೆಗಳಿಗೆ ಜನರಿಂದ ಅಂಕ ಹಾಕಿಸಿದಾಗ ಕೊಳೆಗೇರಿಗಳವರನ್ನು ಬೇರೆಯಾಗಿಯೇ ಕೇಳಿತ್ತು. ಆ ವಿವೇಕ ಎಲ್ಲಿ ಹೋಯಿತು?

111 ನಗರಗಳ ಆ ಪಟ್ಟಿಯಲ್ಲಿ ಬೀದರ್ ಇರಲೇ ಇಲ್ಲ. ಅದೇ ಜಿಲ್ಲೆಯ ಭಾಲ್ಕಿ, ಔರಾದ್ ಮಾತು ಬಿಡಿ. ಬೀದರ್ ಇದ್ದಿದ್ದರೂ ಅಲ್ಲಿನ ಹಳೆ ಊರಿನ ಓಣಿಯವರೂ ಹೊರವಲಯದ ನೌಬಾದಿನವರೂ ಚರಂಡಿಗೆ ಒಂದೇ ಅಂಕ ಕೊಡುತ್ತಿದ್ದರೇ? ತಾಲ್ಲೂಕು ಆಸ್ಪತ್ರೆಗೆ ಭಾಲ್ಕಿಗೇ ಹೋಗಬೇಕಾದ ಭಾತಂಬ್ರಾ ಹಳ್ಳಿಯವರನ್ನಂತೂ ಯಾರೂ ಕೇಳುವುದಿಲ್ಲ. ಅಂಕಪಟ್ಟಿ ಕೊಡುವುದಾದರೆ ವಾರ್ಡುವಾರು ಕೊಡಿ, ಓದುತ್ತೇವೆ.